ನಿಂತಾಗ ಚೆಂದ ಕಾಣುವ ಕಾರು

ಸಾಹುಕಾರ ಗುರುಶಾಂತಪ್ಪನ ಶೆಡ್ಡಿನಲ್ಲಿ ಕೆಂಪು ರೇಸ್ ಕಾರೊಂದಿತ್ತು. ಗಾಳಿಯಂತೆ ಓಡಲು ಹುಟ್ಟಿದ ಅದು ವರ್ಷವಿಡೀ ಹೊದಿಕೆಯೊಳಗೆ ಬೇಯುತ್ತಿತ್ತು. ಆಯುಧಪೂಜೆಯ ದಿನ ಎದುರುಮನೆಯ ಸಾಹುಕಾರ ತನ್ನ ಅಜ್ಜನ ಕಾಲದ ಕಾರನ್ನು ತಂದು ಪಕ್ಕದಲ್ಲಿ ನಿಲ್ಲಿಸಿ, "ಅದಲು ಬದಲು ಮಾಡಿಕೊಳ್ಳೋಣವಾ?" ಎಂದ.

ಕೆಂಪು ಕಾರು ಪಕ್ಕದ ಹಳೇ ಕಾರನ್ನು ಆಸೆಯಿಂದ ಕೇಳಿತು: "ಅಜ್ಜಾ, ನಿನ್ನ ಧಣಿ ನನ್ನನ್ನು ಓಡಿಸುತ್ತಾನಾ?"

"ನನ್ನನ್ನೇ ಓಡಿಸಲಿಲ್ಲ ಮಗಾ. ಇವತ್ತು ರಸ್ತೆ ದಾಟಿಸಿದ್ದೂ ಆಳುಗಳು, ನೂಕಿಕೊಂಡು."

"ಮುದುಕರನ್ನು ಯಾರು ಓಡಿಸುತ್ತಾರೆ? ನನ್ನ ವಿಷಯ ಬೇರೆ!"

ಗುರುಶಾಂತಪ್ಪ ಎರಡನ್ನೂ ಸುತ್ತುಹಾಕಿದ, ನಿಂತ, ಮತ್ತೆ ಸುತ್ತುಹಾಕಿದ. ಕೊನೆಗೆ ಹೆಂಡತಿಯನ್ನು ಕೂಗಿ ಕೇಳಿದ: "ನೆಂಟರು ಬಂದಾಗ ಯಾವುದು ನಿಂತಿದ್ದರೆ ಚೆಂದ ಕಾಣುತ್ತದೆ?"

"ಹಳೇದೇ ಇರಲಿ ಕಣ್ರೀ," ಎಂದಳು ಆಕೆ.

ಮಾತು ಮುಗಿಯಿತು. ಕೆಂಪು ಕಾರು ಗಾಲಿಯಡಿಯ ನಿಂಬೆಹಣ್ಣುಗಳನ್ನು ಹಿಚುಕಿ, ಗರ್ಜಿಸುತ್ತ ಗೇಟು ದಾಟಿತು. ರಸ್ತೆಯನ್ನು ಅಡ್ಡಕ್ಕೆ ದಾಟಿ ನೇರವಾಗಿ ಎದುರುಮನೆಯ ಶೆಡ್ಡಿಗೆ ಹೋಯಿತು. ಗಾಲಿಗಂಟಿದ ನಿಂಬೆರಸ ಆರುವ ಮೊದಲೇ ಮೈಮೇಲೆ ಹೊಸ ಹೊದಿಕೆ ಬಿತ್ತು. ಆ ಕತ್ತಲೆಯಲ್ಲಿ ಅದಕ್ಕೆ ಕೇಳಿಸಿದ್ದು ಒಂದೇ: ಅಜ್ಜನನ್ನು ನೂಕಿದ್ದ ಆಳುಗಳು, ಹಬ್ಬದ ದಿನ ಬಸ್ಸು ಸಿಗದೆ, ಮನೆಗೆ ನಡೆದುಹೋಗುವ ಹೆಜ್ಜೆಯ ಸದ್ದು.