ಮೆತ್ತೆಯಿಂದ ಎದ್ದ ಲ್ಯಾಪ್‌ಟಾಪ್

"ಗುರುಗಳೇ, ತಣ್ಣಗಿರುವುದು ಎಂದರೆ ಬಾಯಿ ಮುಚ್ಚಿಕೊಂಡಿರುವುದೇ?" ಎಂದು ಶಿಷ್ಯ ನಿಂಗಯ್ಯ ಕೇಳಿದ.

ಹಿಂದಿನ ದಿನ ನೆಂಟರ ಮದುವೆಗೆ ಹೋಗಿದ್ದ. ಅಲ್ಲಿ ನೆಂಟರಿಗೆ ಒಳಗೆ ಹಾಸಿನ ಮೇಲೆ ಊಟ, ಪಾತ್ರೆ ತೊಳೆದವರಿಗೆ ಹಿತ್ತಲಲ್ಲಿ. ಇದು ಅನ್ಯಾಯ ಎಂದು ಅವನು ಎದ್ದು ಕೂಗಿದ್ದ. "ತಣ್ಣಗಿರಪ್ಪಾ" ಎಂದು ಹಿರಿಯರು ಗದರಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಕಂಪ್ಯೂಟರ್ ಆಟಗಳ ಒಬ್ಬ ಆಟಗಾರ್ತಿ ಇದ್ದಳು. ಅವಳಲ್ಲಿ ಆಟಕ್ಕೆಂದೇ ಮಾಡಿದ ಲ್ಯಾಪ್‌ಟಾಪ್ ಇತ್ತು. ಆಟ ಬಿರುಸಾದರೆ ಅದು ಕಾವಲಿಯಂತೆ ಕಾಯುತ್ತಿತ್ತು. ಒಳಗಿನ ಫ್ಯಾನು ಬೊಬ್ಬೆ ಹೊಡೆದು ಬಿಸಿಗಾಳಿಯನ್ನು ಹೊರಗೆ ನೂಕುತ್ತಿತ್ತು. ಅವಳ ಮನೆಯವರಿಗೋ ಎಲ್ಲಕ್ಕೂ ಬಟ್ಟೆ ಹೊದಿಸುವ ಚಟ. ಟೀವಿಗೆ ಗವಸು, ಮಿಕ್ಸಿಗೆ ಗವಸು. ಲ್ಯಾಪ್‌ಟಾಪಿಗೆ ಕಸೂತಿಯ ಗವಸಿನ ಜೊತೆಗೆ ಕೂರಲು ಹತ್ತಿಯ ಮೆತ್ತೆ ಬೇರೆ.

ಪಂದ್ಯದ ಕೊನೆಯ ದಿನ ಬಂತು. ಮೂರರಲ್ಲಿ ಎರಡು ಆಟ ಗೆದ್ದರೆ ಅವಳಿಗೆ ರಾಜ್ಯದ ತಂಡದಲ್ಲಿ ಜಾಗ. ಮೊದಲ ಆಟದಲ್ಲೇ ಫ್ಯಾನಿನ ಸದ್ದಿಗೆ ಅಣ್ಣ ಸಿಡುಕಿದ. "ಮರ್ಯಾದಸ್ಥರ ಮನೇಲಿ ಇದೇನೇ ಅರಚಾಟ?" ಎನ್ನುತ್ತ ಯಂತ್ರದ ಹಿಂಬದಿಗೆ ಗವಸು ಎಳೆದ. ಸದ್ದು ಅಡಗಿತು. ಯಂತ್ರ ತಣ್ಣಗಾಯಿತು ಎಂದು ಮನೆಯವರೆಲ್ಲ ಹಿಗ್ಗಿದರು. ಎಂಥ ಬುದ್ಧಿವಂತರು! ಸ್ವಲ್ಪ ಹೊತ್ತಿಗೆ ಯಂತ್ರ ಕಾದು ಕಾದು ತಾನಾಗಿ ಆರಿಹೋಯಿತು. ಆ ಆಟವೂ ಕೈತಪ್ಪಿತು.

ಅವಳು ಗವಸನ್ನು ಕಿತ್ತು ಎಸೆದಳು. "ಇದು ಅರಚಲೇಬೇಕು. ಬೇಕಾದ್ರೆ ನೀನು ಕಿವಿಗೆ ಹತ್ತಿ ಇಟ್ಕೋ, ಅಣ್ಣ" ಎಂದಳು.

ಫ್ಯಾನು ಮತ್ತೆ ಬೊಬ್ಬಿಟ್ಟಿತು. ಆದರೂ ಬಿಸಿ ಇಳಿಯಲಿಲ್ಲ. ಗಾಳಿ ಎಳೆದುಕೊಳ್ಳುವ ಕಂಡಿಗಳು ಯಂತ್ರದ ಅಡಿಯಲ್ಲಿದ್ದವು. ಅವು ಮೆತ್ತೆಯಲ್ಲಿ ಹುದುಗಿ ಮುಚ್ಚಿಹೋಗಿದ್ದವು. ಸುಖವಾಗಿ ಕೂತಲ್ಲೇ ಕೂತು ಎಷ್ಟು ಕೂಗಿದರೇನು? ಅವಳು ಆ ಮೆತ್ತೆಯನ್ನೂ ಕಾಲಲ್ಲಿ ಒದ್ದಳು. ಊಟದ ಮಣೆ ತಂದು, ಅದರ ಮೇಲೆ ನಾಲ್ಕು ಬಾಟಲಿ ಮುಚ್ಚಳ ಇಟ್ಟು, ಯಂತ್ರವನ್ನು ಅವುಗಳ ಮೇಲೆ ಕೂರಿಸಿದಳು. ಅಡಿಯಿಂದ ಗಾಳಿ ಹೊಕ್ಕಿತು. ಉಳಿದ ಎರಡೂ ಆಟ ಗೆದ್ದಳು. ಫ್ಯಾನು ಕೊನೆಯವರೆಗೂ ಕೂಗುತ್ತಲೇ ಇತ್ತು.

ಕತೆ ಮುಗಿಯಿತು. ನಿಂಗಯ್ಯನ ಮುಖ ಅರಳಿತು. "ಹಾಗಾದರೆ ನಾನು ಕೂಗಿದ್ದು ಸರಿ, ಗುರುಗಳೇ!"

"ಕೂಗಿದ್ದು ಸರಿ, ಆಮೇಲೆ ನೀನು ಉಂಡದ್ದು ಒಳಗೋ, ಹಿತ್ತಲಲ್ಲೋ?"