ಚಿಕ್ಕದೊರೆಯ ಸೈಕಲ್ ಸೀಟು

“ಕೇಳ್ರಪ್ಪೋ ಕೇಳಿ! ಜಡಿಯಪ್ಪನಾಯಕ ದೊರೆಗಳ ಅಪ್ಪಣೆ ಆಗಿದೆ. ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ. ತಪ್ಪಿದವರಿಗೆ ಅಮಾವಾಸ್ಯೆಯ ಬೆಳಿಗ್ಗೆ ಕೋಟೆ ಬಾಗಿಲಲ್ಲಿ ಗಲ್ಲು!”

ಹೀಗಂತ ಊರೂರಲ್ಲಿ ಡಂಗುರ ಹೊಡೆದರು. ಕೇಳಿದ್ದು ಕೊಡುತ್ತಾರೆ ಅನ್ನೋದಷ್ಟೇ ಜನರ ಕಿವಿಗೆ ಬಿತ್ತು, ಗಲ್ಲು ಅನ್ನೋದು ಗಾಳಿಗೆ ಹೋಯಿತು. ಆಸೆ ಅಂದರೆ ಹಾಗೇ ನೋಡಿ. ಒಬ್ಬನೇ ಮಗ ಚೆಲುವನಾಯಕ ಜ್ವರದಲ್ಲಿ ತೀರಿಕೊಂಡ ಮೇಲೆ ದೊರೆಗೆ ತಲೆ ಕೆಟ್ಟಿದೆ, ಸುಲಭವಾಗಿ ಗೆಲ್ಲಬಹುದು ಅಂತಲೇ ಬಹಳ ಜನ ಹೋದರು. ಹೋದವರೆಲ್ಲ ಸೆರೆಮನೆ ಸೇರಿದರು.

ಹಾಗೆ ಸೇರಿದವರಲ್ಲಿ ಕಾಟಯ್ಯನೂ ಒಬ್ಬ. ಅವನದು ಕುದುರೆಗೆ ಜೀನು ಹೊಲಿಯುವ ಮನೆ. ಅಪ್ಪ ಅಮ್ಮ ಹೋದ ಮೇಲೆ ತಮ್ಮ ಪಾಲಯ್ಯನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವನು ಅವನೇ. ಅಮಾವಾಸ್ಯೆಯ ಹಿಂದಿನ ದಿನ ಪಾಲಯ್ಯ ಬುತ್ತಿ ಕಟ್ಟಿಕೊಂಡು ಹೋದ. ರೊಟ್ಟಿ ಮುರಿಯಲು ಅಣ್ಣನ ಕೈ ಏಳಲಿಲ್ಲ.

“ಎರಡು ಬಿಡಿಸಿದೆ ಕಣೋ,” ಅಂದ ಕಾಟಯ್ಯ. “ಎರಡೂ ತೊಗಲಿನ ಮಾತೇ. ಮೂರನೇದೂ ಗೊತ್ತಿತ್ತು. ದೊರೆಯ ಪಕ್ಕದಲ್ಲೇ ಮಗನ ಸೈಕಲ್ಲು ನಿಲ್ಲಿಸಿದ್ದಾರೆ, ಅದರ ಸೀಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಆದರೆ ಮಗನನ್ನ ಕಳಕೊಂಡ ಮುಖ ನೋಡಿಕೊಂಡು ಹೆಂಗೋ ಹೇಳೋದು? ನಾಲಿಗೆ ಬರಲಿಲ್ಲ. ಏನೋ ಒಂದು ಹೇಳಿಬಿಟ್ಟೆ.”

“ನಾನು ಹೇಳ್ತೀನಣ್ಣ.”

“ಬೇಡ. ಮನೇಲಿ ಒಬ್ಬನಾದರೂ ಉಳೀಲಿ.”

ಪಾಲಯ್ಯ ಕೇಳಲಿಲ್ಲ. ಸೆರೆಮನೆಯಿಂದ ನೇರ ದೊರೆಯ ಓಲಗಕ್ಕೆ ಹೋದ. ಕಾಟಯ್ಯನ ತಮ್ಮ ನಾನು ಅಂತ ಹೇಳಿಕೊಂಡ.

ಅಲ್ಲಿ ಆಗಲೇ ಇಬ್ಬರು ನಿಂತಿದ್ದರು. ದೊರೆ ಮೊದಲನೇ ಒಗಟು ಹಾಕಿದ: “ಇಬ್ಬರು ಹೊರುವವರು. ಒಬ್ಬ ಮೊದಲ ದಿನ ಹೂವಿನ ಹಾಗೆ ಹೊತ್ತ, ದೂರ ಹೋದಂತೆಲ್ಲ ನೋಯಿಸಿದ. ಇನ್ನೊಬ್ಬ ಮೊದಲ ದಿನ ಕಲ್ಲಿನ ಹಾಗೆ ನೋಯಿಸಿದ, ಆಮೇಲೆ ಜೀವಮಾನವೆಲ್ಲ ಸುಖವಾಗಿ ಹೊತ್ತ. ನನ್ನ ಮಗ ಎರಡನೆಯವನನ್ನು ಆರಿಸಿದ. ಯಾರವನು?”

ಕುದುರೆ ವ್ಯಾಪಾರಿಯೊಬ್ಬ, “ಪಳಗದ ಕುದುರೆ,” ಅಂದ. ಪಕ್ಕದ ಸೀಮೆಯ ಪಾಳೇಗಾರನ ಮಗ, “ಮುಂಗೋಪದ ಹೆಂಡತಿ,” ಅಂದ. ಪಾಪ, ಅವನ ಮನೆಯ ಕತೆ ಅವನಿಗೆ. ಇಬ್ಬರನ್ನೂ ಎಳೆದುಕೊಂಡು ಹೋದರು.

“ಗಟ್ಟಿ ತೊಗಲಿನ ಸೈಕಲ್ ಸೀಟು, ಬುದ್ಧಿ,” ಅಂದ ಪಾಲಯ್ಯ. “ಮೆತ್ತೆಯ ಸೀಟು ಅಂಗಡಿಯಲ್ಲೇ ಚೆನ್ನ. ಹೊತ್ತು ಹೋದಂತೆ ಮೈ ಅದರೊಳಗೆ ಹೂತು, ತೊಡೆಸಂದು ಉಜ್ಜಿ ಹುಣ್ಣಾಗುತ್ತೆ. ಗಟ್ಟಿ ತೊಗಲು ಮೊದಮೊದಲು ನೋಯಿಸುತ್ತೆ. ತಾಳಿಕೊಂಡರೆ ಕೂತವರ ಎಲುಬಿಗೆ ತಕ್ಕ ಹಾಗೆ ತಾನೇ ಗುಳಿ ಬೀಳುತ್ತೆ. ಆಮೇಲೆ ಅದು ಅವರದೇ.”

ದೊರೆ ತಲೆಯಾಡಿಸಿದ. “ಎರಡನೆಯದು ಕೇಳು. ಒಬ್ಬ ಮಳೆಯಲ್ಲಿ ತೊಯ್ದು ಬಂದ. ಅಯ್ಯೋ ಪಾಪ ಅಂತ ಬೆಂಕಿಯ ಮುಂದೆ ಕೂರಿಸಿದರೆ ಸೆಟೆದು ಬಿರಿದ. ಆ ಕೂಡಲೇ ಕೆಲಸಕ್ಕೆ ಕರೆದರೆ ಜೋತುಬಿದ್ದ. ಅವನನ್ನು ಉಳಿಸುವುದು ಹೇಗೆ?”

“ಅದೂ ತೊಗಲೇ, ಬುದ್ಧಿ. ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಬಿಡಬೇಕು. ಪೂರ್ತಿ ಒಣಗುವ ತನಕ ಯಾರೂ ಕೂರಬಾರದು. ಆಮೇಲೂ ಸಡಿಲ ಅನ್ನಿಸಿದರೆ ಸೀಟಿನ ಮೂತಿಯ ಕೆಳಗಿನ ತಿರುಪನ್ನ ಒಂಚೂರು ಬಿಗಿ ಮಾಡಬೇಕು. ಅತಿಯಾಗಿ ಬಿಗಿದರೆ ತೊಗಲು ಹರಿಯುತ್ತೆ.”

ದೊರೆ ಪಕ್ಕದ ಸೈಕಲ್ಲಿನ ಮೇಲೆ ಕೈಯಿಟ್ಟ.

“ಮೂರನೆಯದು. ನನ್ನ ಮನೆಯಲ್ಲಿ ಒಂದು ಗುರುತಿತ್ತು. ದಿನವೂ ಕಾವಲು ಕಾದೆ, ದಿನವೂ ನನ್ನ ಕೈಯಾರೆ ಉಪಚಾರ ಮಾಡಿದೆ. ಬೀಗ ಒಡೆಯಲಿಲ್ಲ, ಕಳ್ಳ ಬರಲಿಲ್ಲ. ಆದರೂ ಗುರುತು ಅಳಿಸಿಹೋಯಿತು. ಅಳಿಸಿದವರು ಯಾರು? ನಿಮ್ಮಣ್ಣ ಕಾಲ ಅಂದ. ಅವನ ಹಿಂದಿನವನು ಇಲಿ ಅಂದ, ಮತ್ತೊಬ್ಬ ದೇವರು ಅಂದ. ನೀನೇನು ಹೇಳುತ್ತೀ?”

ಪಾಲಯ್ಯ ದೊರೆಯ ಮುಖ ನೋಡಿದ. ಅಣ್ಣ ಯಾಕೆ ಸುಳ್ಳು ಹೇಳಿದ ಅಂತ ಈಗ ಅವನಿಗೆ ಅರ್ಥವಾಯಿತು. ಆ ಮುಖ ನೋಡಿದರೆ ಯಾರಿಗಾದರೂ ಸುಳ್ಳೇ ಬರುತ್ತಿತ್ತು. ಅವನು ನೆಲ ನೋಡಿಕೊಂಡು ಹೇಳಿದ.

“ನೀವೇ, ಬುದ್ಧಿ.”

“ಹೇಗೆ?” ಅಂದ ದೊರೆ.

“ಚಿಕ್ಕದೊರೆಗಳು ಕೂತು ಕೂತು ಸೀಟಿನ ಮೇಲೆ ಅವರ ಗುಳಿ ಬಿದ್ದಿತ್ತು. ಅವರು ಹೋದ ಮೇಲೆ ಉಳಿದಿದ್ದು ಅದೊಂದೇ. ತೊಗಲಿಗೆ ಅಪರೂಪಕ್ಕೊಮ್ಮೆ ಜಿಡ್ಡು ಸವರಿದರೆ ಸಾಕು. ನೀವು ದೇವರಿಗೆ ಮಾಡಿದ ಹಾಗೆ ದಿನಾ ಎಣ್ಣೆ ಉಜ್ಜಿದಿರಿ. ತೊಗಲು ಹಣ್ಣಾಗಿ ಜೋತುಬಿತ್ತು, ಗುಳಿ ಹೋಯಿತು. ಪ್ರೀತಿಯಿಂದಲೇ ಮಾಡಿದಿರಿ. ಆದರೆ ಅಳಿಸಿದವರು ನೀವೇ.”

“ಮತ್ತೆ ಬರಿಸೋಕಾಗುತ್ತಾ?”

“ಆಗಲ್ಲ, ಬುದ್ಧಿ. ತಿರುಪು ಬಿಗಿ ಮಾಡಿದರೆ ಸೀಟು ಇನ್ನೂ ಕೆಲಸಕ್ಕೆ ಬರುತ್ತೆ. ಆದರೆ ಇನ್ನು ಮೇಲೆ ಬೀಳೋ ಗುಳಿ ಬೇರೆಯವರದು.”

ದೊರೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. “ನನಗೆ ಗೊತ್ತಿತ್ತಪ್ಪಾ,” ಅಂದ. “ಎಣ್ಣೆ ಹಚ್ಚುವಾಗಲೇ ಗೊತ್ತಾಗುತ್ತಿತ್ತು, ಬಿಡೋಕೆ ಆಗುತ್ತಿರಲಿಲ್ಲ. ಯಾರಾದರೂ ಬಾಯಿಬಿಟ್ಟು ಹೇಳಲಿ ಅಂತ ಕಾದೆ. ಏನು ಬೇಕು, ಕೇಳು.”

“ನಮ್ಮಣ್ಣ ಬೇಕು. ಅವನ ಜೊತೆ ಇರೋರೆಲ್ಲ ಅವರವರ ಮನೆಗೆ ಹೋಗಲಿ.”

ಸೆರೆಮನೆಯ ಬಾಗಿಲು ತೆಗೆದರು. ಕಾಟಯ್ಯ ಹೊರಗೆ ಬಂದಾಗ ದೊರೆ ಸೈಕಲ್ಲನ್ನು ಕೋಟೆಯ ಮುಂದಿನ ರಸ್ತೆಗೆ ತಾನೇ ತಳ್ಳಿಕೊಂಡು ಬಂದಿದ್ದ. ಪಾಲಯ್ಯ ಅದರ ತಿರುಪು ಬಿಗಿ ಮಾಡಿ, ಎಣ್ಣೆ ಒರೆಸಿದ.

“ಇನ್ನು ಇದು ನಿನ್ನದು, ಹತ್ತು,” ಅಂದ ದೊರೆ.

“ಓಡಿಸೋಕೆ ಬರಲ್ಲ, ಬುದ್ಧಿ.”

“ಮೊದಮೊದಲು ನನ್ನ ಮಗನಿಗೂ ಬರುತ್ತಿರಲಿಲ್ಲ.”

ಪಾಲಯ್ಯ ಹತ್ತಿದ. ದೊರೆ ಸೀಟನ್ನು ಹಿಂದಿನಿಂದ ಹಿಡಿದುಕೊಂಡು, ಪಂಚೆ ಎತ್ತಿ ಕಟ್ಟಿ, ಓಡತೊಡಗಿದ. “ಕೆಳಗೆ ನೋಡಬೇಡ, ಮುಂದೆ ನೋಡು. ನಾನು ಹಿಡಿದಿದ್ದೇನೆ, ತುಳಿ ಮಗಾ, ತುಳಿ,” ಅನ್ನುತ್ತಿದ್ದ. ಆಮೇಲೆ ಆ ದನಿ ಕೇಳಿಸಲಿಲ್ಲ. ಸೈಕಲ್ಲು ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಪಾಲಯ್ಯ ತಿರುಗಿ ನೋಡಿದ, ನೋಡಿದವನು ಬಿದ್ದ. ದೂರದಲ್ಲಿ ದೊರೆ ರಸ್ತೆಯ ನಡುವೆ ಧೂಳಿನಲ್ಲಿ ಕೂತು ಅಳುತ್ತಿದ್ದ. ಕಾಟಯ್ಯ ಹೋಗಿ ಅವನ ಪಕ್ಕದಲ್ಲಿ ಕೂತುಕೊಂಡ.