ಸಾಹುಕಾರರ ಫೋಟೋ

ಹತ್ತಿ ವ್ಯಾಪಾರದ ಪಟ್ಟಣಶೆಟ್ಟಿ ಸಾಹುಕಾರರು ವಿಶ್ವವಿದ್ಯಾಲಯದ ಸಂಶೋಧನೆಗೆ ದೊಡ್ಡ ದೇಣಿಗೆ ಕೊಟ್ಟರು. ಜೊತೆಗೆ ಒಂದು ಷರತ್ತು ಹಾಕಿದರು. ಸಭಾಭವನದಲ್ಲಿ ಸಂಸ್ಥಾಪಕರ ಸಾಲಿನ ನಟ್ಟನಡುವೆ ತಮ್ಮ ಫೋಟೋ ಇರಬೇಕು, ಇಲ್ಲವಾದರೆ ದುಡ್ಡು ವಾಪಸ್. ಆ ಸಾಲಿನಲ್ಲಿ ಇದ್ದವರೆಲ್ಲ ಎಂದೋ ತೀರಿಕೊಂಡ ಹಿರಿಯರು. ಕುಲಪತಿಗಳು ತಲೆ ಮೇಲೆ ಕೈಹೊತ್ತು ಕೂತರು.

"ಹಾಕೋಣ್ರಿ ಸಾಹೇಬ್ರ, ಮುಂದಿಂದು ನನಗ ಬಿಡ್ರಿ," ಅಂದ ಜವಾನ ಫಕೀರಪ್ಪ.

ಅವನು ಭೇದ ಮಾಡುವವನಲ್ಲ. ಉಳಿದ ಹಿರಿಯರಿಗೆ ಮಾಡುವ ಹಾಗೇ ಸಾಹುಕಾರರ ಫೋಟೋಕ್ಕೂ ಗಂಧದ ಹಾರ ಹಾಕಿ, ಕುಂಕುಮ ಇಟ್ಟು, ಊದಿನಕಡ್ಡಿ ಹಚ್ಚಿದ.

ಸಾಹುಕಾರರು ಹೆಂಡತಿಯನ್ನು ಕರೆದುಕೊಂಡು ಠೀವಿಯಿಂದ ನೋಡಲು ಬಂದರು. ಫೋಟೋ ಕಂಡದ್ದೇ ತಡ, ಆಕೆ ಎರಡೂ ಕೈಯಲ್ಲಿ ತಾಳಿ ಹಿಡಿದುಕೊಂಡು, "ಅಯ್ಯೋ ಶಿವನ!" ಅಂದರು.

"ಆ ಹಾರ ತಗೀಲೇ!" ಸಾಹುಕಾರರು ಗುಡುಗಿದರು.

"ತಗೀತೀನ್ರಿ ಸಾವಕಾರ್ರ," ಅಂದ ಫಕೀರಪ್ಪ. "ಆದ್ರ ಈ ಸಾಲಿನ್ಯಾಗ ಹಾರ ಇಲ್ಲದ ಫೋಟೋ ನೋಡಿದ್ರ, 'ಇವರಿಗೆ ಯಾವಾಗ ಹಾಕ್ತೀರಿ?' ಅಂತ ಮಂದಿ ದಿನಾ ಕೇಳ್ತಾರ್ರಿ."

ಸಾಹುಕಾರರು ಬಾಯಿ ತೆರೆಯುವ ಮೊದಲೇ ಹೆಂಡತಿ ಅಂದರು: "ದುಡ್ಡು ಇಲ್ಲೇ ಇರ್ಲಿ. ಫೋಟೋ ಇಳಸಪಾ, ಮನಿಗೆ ಒಯ್ತೀವಿ."

ಫೋಟೋ ಹಾಕಲು ತಂದ ಏಣಿಯನ್ನು ಫಕೀರಪ್ಪ ಇನ್ನೂ ಒಳಗಿಟ್ಟಿರಲಿಲ್ಲ.